ಅಂತರಜಾಲ ಮತ್ತು ಜನಾಕ್ರೋಶದ ರಾಜಕಾರಣ

ಅಂತರಜಾಲ ಬಂದರೆ ಜನರಿಗೆ ಮಾಹಿತಿ ದೊರೆಯುತ್ತದೆ, ಮಾಹಿತಿ ದೊರೆತರೆ ಪ್ರಜಾಪ್ರಭುತ್ವ ಬಲಗೊಳ್ಳುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ಅದು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಅರಿಯಲು ನಾವು ಇಟಲಿಯ ಅನುಭವವನ್ನು ಗಮನಿಸಬೇಕು.

ಅಲ್ಲಿನ ಹಾಸ್ಯನಟ ಬೆಪ್ಪೆ ಗ್ರಿಲ್ಲೊ 2005ರಲ್ಲಿ ತಮ್ಮದೇ ಅಂತರಜಾಲ ತಾಣವನ್ನು ತೆರೆದು ರಾಜಕಾರಣಿಗಳ ಭ್ರಷ್ಟಾಚಾರವನ್ನು ಕಟುವಾಗಿ ಖಂಡಿಸತೊಡಗಿದರು. ಜನಸಾಮಾನ್ಯರು ಒಂದು ಕಡೆ, ಆಳುವ ವರ್ಗವೆಲ್ಲ ಮತ್ತೊಂದು ಕಡೆ ಎಂಬುದೇ ಅವರ ವಾದದ ತಿರುಳು. 2009ರಲ್ಲಿ ಈ ಬಳಗ ‘ಪಂಚತಾರಾ ಚಳವಳಿ’ ಎಂಬ ಪಕ್ಷವಾಯಿತು. 2013ರಲ್ಲಿ ಸಂಸತ್ತಿನ ಕೆಳಮನೆಯ ಚುನಾವಣೆಯಲ್ಲಿ ಅದು ಸುಮಾರು ನಾಲ್ಕನೇ ಒಂದು ಭಾಗದಷ್ಟು ಮತ ಗಳಿಸಿತು.

ವೇಗದ ಅಂತರಜಾಲ ಬೇಗ ತಲುಪಿದ ಊರುಗಳನ್ನು ತಡವಾಗಿ ತಲುಪಿದ ಊರುಗಳೊಂದಿಗೆ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದ್ದಾರೆ. ಸೌಲಭ್ಯ ಹೆಚ್ಚಿದ್ದಲ್ಲಿ 2008ರವರೆಗೆ ಮತದಾನದ ಪ್ರಮಾಣವೇ ಇಳಿದಿತ್ತು. ಹಳೆಯ ಪಕ್ಷಗಳಿಂದ ಬೇಸತ್ತವರು ಮತಗಟ್ಟೆಗೆ ಬೆನ್ನು ಹಾಕಿದ್ದರು. ಹೊಸ ಪಕ್ಷ ಅಂತರಜಾಲದ ಮೂಲಕವೇ ಊರೂರಿನಲ್ಲಿ ಅಂಥವರನ್ನು ಒಗ್ಗೂಡಿಸಿದಾಗ, 2013ರಲ್ಲಿ ಅವರು ಮರಳಿ ಬಂದರು. ಅಂದರೆ, ಅತೃಪ್ತಿಯನ್ನು ಅಂತರಜಾಲ ಹುಟ್ಟಿಸಲಿಲ್ಲ. ಚದುರಿದ್ದ ಅತೃಪ್ತಿಗೆ ಒಂದು ದಾರಿಯನ್ನು ತೋರಿಸಿತು.

116 ದೇಶಗಳಲ್ಲಿ ಮೊಬೈಲ್ ಅಂತರಜಾಲದ ಪರಿಣಾಮವನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಅಂತರಜಾಲದ ಮೇಲೆ ನಿರ್ಬಂಧವಿಲ್ಲದ ಕಡೆ ಅದು ಹರಡಿದಂತೆ ಸರಕಾರದ ಮೇಲಿನ ವಿಶ್ವಾಸ ಕುಗ್ಗಿತು, ಭ್ರಷ್ಟಾಚಾರ ಬಯಲಾಯಿತು. ಯುರೋಪಿನಲ್ಲಿ ಆಡಳಿತ ಪಕ್ಷಗಳು ಮತ ಕಳೆದುಕೊಂಡವು. ಆದರೆ ಅದರ ಲಾಭ ಸಂಯಮದ ವಿರೋಧ ಪಕ್ಷಗಳಿಗೆ ಸಿಗಲಿಲ್ಲ. ಎಡವಿರಲಿ, ಬಲವಿರಲಿ, ವ್ಯವಸ್ಥೆಯನ್ನೇ ದೂಷಿಸುವ ಪಕ್ಷಗಳ ಪಾಲಾಯಿತು. ಬಿರುಸಿನ ಮಾತು ಬೇಗ ಹರಡುತ್ತದೆ. ಸಮಾಧಾನದ ವಿವರಣೆಗೆ ಕಿವಿಗೊಡುವವರು ಕಡಿಮೆ.

ಆದರೆ ಆಕ್ರೋಶದಿಂದ ಗೆಲ್ಲಬಹುದೇ ಹೊರತು ಆಳುವುದು ಸುಲಭವಲ್ಲ. 2018ರಲ್ಲಿ ಮೂರನೇ ಒಂದು ಭಾಗದಷ್ಟು ಮತ ಪಡೆದು ಅಧಿಕಾರದ ಹೊಣೆ ಹೊತ್ತ ಇಟಲಿಯ ಅದೇ ಪಕ್ಷ, 2022ರಲ್ಲಿ ಅದರ ಅರ್ಧಕ್ಕೂ ಕಡಿಮೆ ಪಾಲಿಗೆ ಕುಸಿಯಿತು.

ಇಷ್ಟಾದರೂ ಅಂತರಜಾಲಕ್ಕೆ ಬೀಗ ಜಡಿಯುವುದು ಪರಿಹಾರವೆಂದು ನಾವು ಭಾವಿಸುವುದಿಲ್ಲ. ಬೀಗ ಬಿದ್ದರೆ ಮೊದಲು ಮರೆಯಾಗುವುದು ಆಳುವವರ ತಪ್ಪುಗಳೇ. ಜನರ ದೂರಿಗೆ ಪಂಚಾಯತಿಯಿಂದ ಸಂಸತ್ತಿನವರೆಗೆ ಕಿವಿಗೊಡುವವರಿದ್ದರೆ, ಕೂಗಾಡುವವರ ಬೆನ್ನ ಹಿಂದೆ ಹೋಗುವ ಅಗತ್ಯ ಯಾರಿಗೂ ಇರದು. ಮತದಾರರಾದ ನಾವೂ ಆಳುವವರ ತಪ್ಪನ್ನು ತೋರಿಸಿದವರನ್ನು ಮೆಚ್ಚುವುದರೊಂದಿಗೆ, ಅದನ್ನು ತಿದ್ದುವ ಬಗೆ ಯಾವುದೆಂದು ಅವರನ್ನೇ ಕೇಳಬೇಕಾಗಿದೆ.