ಇಲಿಯ ಹಲ್ಲಿಗೆ ಉದ್ಯೋಗ

ನಮ್ಮ ಕೊಳ್ಳೇಗಾಲದ ಕಡೆಯ ಮನೆಗಳಲ್ಲಿ ಇಲಿಯೆಂದೊಡನೆ ನೆನಪಿಗೆ ಬರುವುದು ಬೋನು. ರಾಗಿಯ ಮೂಟೆಯನ್ನು ಕೊರೆಯುವುದೂ, ಹುಳುಮನೆಗೆ ನುಗ್ಗಿ ರೇಷ್ಮೆಹುಳುವನ್ನೂ ಗೂಡನ್ನೂ ಹಾಳುಮಾಡುವುದೂ ಈ ಪ್ರಾಣಿಯ ನಿತ್ಯಕರ್ಮವಷ್ಟೆ. ಹೀಗಿರುವಲ್ಲಿ ಅದರ ಬಳಗದ್ದೇ ಆದ ಬಿಳಿಯ ಇಲಿಯನ್ನು ಹಣ ತೆತ್ತು ತಂದು, ತಂತಿಯ ಪಂಜರದಲ್ಲಿಟ್ಟು, ಹೆಸರಿಟ್ಟು ಮುದ್ದಿಸುವ ಮಕ್ಕಳನ್ನು ಕಂಡು ಅಜ್ಜಿಯಂದಿರು ಮೂಗಿನ ಮೇಲೆ ಬೆರಳಿಡುವುದು ಸಹಜವೇ. ಸಾಕಬೇಕೆ ಬೇಡವೆ ಎಂಬ ವ್ಯಾಜ್ಯವನ್ನು ಆಯಾ ಮನೆಯವರೇ ತೀರಿಸಿಕೊಳ್ಳಲಿ. ಸಾಕುವುದೆಂದು ನಿಶ್ಚಯವಾದ ಬಳಿಕ ಗೃಹಸ್ಥನ ಮೇಲೆ ಬೀಳುವ ಹೊಣೆಯೊಂದುಂಟು. ಅದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುತ್ತೇವೆ.

ಸಂಸ್ಕೃತದಲ್ಲಿ ಇಲಿಗೆ ಮೂಷಿಕವೆಂದೂ ಆಖುವೆಂದೂ ಹೆಸರುಗಳುಂಟು. ಕದಿಯುವುದೆಂಬ ಅರ್ಥದ ಧಾತುವಿನಿಂದ ಮೊದಲನೆಯದು ಬಂದಿತು. ಅಗೆಯುವುದೆಂಬ ಅರ್ಥದ ಧಾತುವಿನಿಂದ ಎರಡನೆಯದು. ಹಿಂದಿನವರು ಈ ಪ್ರಾಣಿಯನ್ನು ಬಣ್ಣದಿಂದಾಗಲಿ ಆಕಾರದಿಂದಾಗಲಿ ಹೆಸರಿಸದೆ, ಅದು ಮಾಡುವ ಕೆಲಸದಿಂದಲೇ ಹೆಸರಿಸಿದರು. ಅಗೆಯುವುದು, ಹುಡುಕುವುದು, ಕದ್ದೊಯ್ಯುವುದು, ಕಡಿಯುವುದು, ಇವೇ ಇಲಿಯ ಬಾಳು. ಪಂಜರದಲ್ಲಿ ಕೂಡಿಹಾಕಿ ಬಟ್ಟಲು ತುಂಬ ಅನ್ನವಿಟ್ಟರೆ ಹೊಟ್ಟೆ ತುಂಬೀತು, ಬಾಳು ತುಂಬಲಾರದು.

ಇಲಿಗೆ ಒಟ್ಟು ೧೬ ಹಲ್ಲುಗಳು. ಅವುಗಳಲ್ಲಿ ಮುಂಭಾಗದ ೪ ಬಾಚಿಹಲ್ಲುಗಳು ಅದು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ವಾರಕ್ಕೆ ಸುಮಾರು ೨ ರಿಂದ ೩ ಮಿಲಿಮೀಟರಿನಷ್ಟು ಬೆಳೆಯುವುವು. ಈ ಹಲ್ಲಿನ ಮುಮ್ಮುಖದಲ್ಲಿ ಮಾತ್ರ ಗಟ್ಟಿಯಾದ ಲೇಪವಿದೆ, ಹಿಂಬದಿ ಮೆದು. ಹಿಂಬದಿ ಬೇಗನೆ ಸವೆಯುವುದರಿಂದ ಹಲ್ಲು ಬಡಗಿಯ ಉಳಿಯಂತೆ ತಾನಾಗಿ ಹರಿತಗೊಳ್ಳುತ್ತದೆ. ಲೇಪದಲ್ಲಿ ಕಬ್ಬಿಣದ ಅಂಶವಿರುವುದರಿಂದ ಬೆಳೆದ ಇಲಿಯ ಹಲ್ಲು ಹಳದಿಯಾಗಿ ಕಾಣುವುದು ಆರೋಗ್ಯದ ಲಕ್ಷಣವೇ ಹೊರತು ಕೊಳೆಯಲ್ಲ.

ಹಲ್ಲಿಗೆ ಹಲ್ಲನ್ನು ಮಸೆದೂ, ಗಟ್ಟಿಯಾದುದನ್ನು ಕಡಿದೂ ಇಲಿ ಈ ಬೆಳವಣಿಗೆಯನ್ನು ಮಿತಿಯಲ್ಲಿಟ್ಟುಕೊಳ್ಳುತ್ತದೆ. ದವಡೆ ಓರೆಯಾಗಿಯೋ ಪೆಟ್ಟುಬಿದ್ದೋ ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡದೆ ಹೋದರೆ, ಅದು ಬಾಗಿ ಬೆಳೆದು ಅಂಗುಳನ್ನೋ ಕೆನ್ನೆಯನ್ನೋ ಚುಚ್ಚುವುದು. ಆಗ ತುಂಬಿದ ಬಟ್ಟಲಿನ ಮುಂದೆಯೇ ಕುಳಿತು ಆ ಮೂಕಪ್ರಾಣಿ ಉಪವಾಸದಿಂದ ಸಾಯುತ್ತದೆ. ಬಾಯಿಂದ ಕಾಳು ಉದುರುವುದು, ಜೊಲ್ಲು ಸುರಿಯುವುದು, ಮೈ ಇಳಿಯುವುದು ಇದರ ಸೂಚನೆಗಳು. ಇವನ್ನು ಕಂಡೊಡನೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಉಗುರು ಕತ್ತರಿಸುವ ಸಲಕರಣೆಯಿಂದ ಮನೆಯಲ್ಲೇ ಹಲ್ಲನ್ನು ಕತ್ತರಿಸಹೋದರೆ ಅದು ಬುಡದವರೆಗೆ ಸೀಳೀತು. ವಾರಕ್ಕೊಮ್ಮೆ ಇಲಿಯನ್ನು ಎತ್ತಿಕೊಂಡು ಹಲ್ಲು ನೇರವಾಗಿದೆಯೇ ಎಂದು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಹಿರಿಯರು ಎದುರಿಗಿದ್ದು ಕಲಿಸಬೇಕು.

ಹಲ್ಲಿಗೆ ಬೇಕಾದ ಉದ್ಯೋಗವನ್ನು ಒದಗಿಸಲು ದೂರ ಹೋಗಬೇಕಾದುದಿಲ್ಲ. ನಮ್ಮ ಸೀಮೆಯ ಹಿಪ್ಪುನೇರಳೆಯೇ ಇದಕ್ಕೆ ಉತ್ತಮವಾದುದು. ಬೆರಳುಗಾತ್ರದ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ತೊಳೆದು, ಒಣಗಿಸಿ, ತೊಗಟೆಸಹಿತವಾಗಿಯೇ ಕೊಡಬಹುದು. ಸುಲಿಯುವುದೂ ಇಲಿಗೆ ಒಂದು ಕೆಲಸವಲ್ಲವೆ? ಆದರೆ ಕಡ್ಡಿಯನ್ನು ತೋಟದಿಂದ ತರಬೇಕೇ ಹೊರತು ಹುಳುಮನೆಯಿಂದ ತರಬಾರದು. ಹುಳು ಸೊಪ್ಪನ್ನು ತಿಂದು ಬಿಟ್ಟ ಕಡ್ಡಿಯ ಮೇಲೆ ಸುಣ್ಣವೂ ಸೋಂಕು ಕಳೆಯುವ ಪುಡಿಯೂ ಬಿದ್ದಿರಬಹುದು. ಹಳೆಯ ಚಂದ್ರಿಕೆಯ ಬಿದಿರಿಗೂ ಔಷಧಿ ಸೋಕಿರುತ್ತದೆ. ತೋಟಕ್ಕೆ ಇತ್ತೀಚೆಗೆ ಕೀಟನಾಶಕ ಹೊಡೆದಿದ್ದಾರೆಯೇ ಎಂದು ರೈತನನ್ನು ವಿಚಾರಿಸಿಯೇ ಕಡ್ಡಿ ಮುರಿಯುವುದು ಲೇಸು. ಹಿತ್ತಿಲ ಸೀಬೆಯ ಕೊಂಬೆಯೂ, ಔಷಧಿ ಕಾಣದ ಬಿದಿರೂ ಆಗಬಹುದು. ಹನೂರಿನ ಹೊಲಗಳ ಮುಸುಕಿನ ಜೋಳದ ಕಾಳು ಬಿಡಿಸಿ ಉಳಿದ ದಿಂಡು, ಬೂಷ್ಟು ಹಿಡಿಯದಿದ್ದರೆ, ಒಳ್ಳೆಯದೇ. ಯಳಂದೂರಿನ ತೋಟಗಳ ತೆಂಗಿನ ಕರಟವು ಕಡಿಯುವುದಕ್ಕೂ ಆಯಿತು. ಅಂಚನ್ನು ತಿಕ್ಕಿ ಬೋರಲಿಟ್ಟು ಬಾಗಿಲಿನಂತೆ ರಂಧ್ರ ಮಾಡಿದರೆ ಮರಿ ಇಲಿಗೆ ಮನೆಯೂ ಆಯಿತು.

ಕೊಡಬಾರದ ವಸ್ತುಗಳ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಇಲಿಗೆ ವಾಂತಿಮಾಡುವ ಶಕ್ತಿಯಿಲ್ಲ. ನುಂಗಿದ ವಿಷವನ್ನು ಹೊರಹಾಕಲಾರದು. ದೇವರ ಪೂಜೆಗೆಂದು ಹಿತ್ತಿಲಲ್ಲಿ ಬೆಳೆಸುವ ಕಣಗಿಲೆ, ಬೇಲಿಯ ಕಳ್ಳಿ, ಎಕ್ಕ, ಹರಳು, ದತ್ತೂರಿ ಇವೆಲ್ಲ ವಿಷಕರವಾದುವು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ ತೊಗಟೆ ತೆಗೆದು ಅಂದವಾದ ಕುರ್ಚಿಗಳನ್ನು ಮಾಡುತ್ತಾರೆ. ಮನೆಗೆ ಅವು ಬಹಳ ಚೆನ್ನ. ಆದರೆ ಅದರ ಸೊಪ್ಪು ತಿಂದ ದನಗಳ ಯಕೃತ್ತು ಕೆಡುವುದರಿಂದ ಆ ಗಿಡವು ಪಂಜರಕ್ಕೆ ತಕ್ಕುದಲ್ಲ. ಬಣ್ಣ ಬಳಿದ ಗೊಂಬೆ, ಪ್ಲಾಸ್ಟಿಕ್, ರಬ್ಬರು ಕೂಡದು. ಹೊರಗೆ ಬಿಟ್ಟಾಗ ವಿದ್ಯುತ್ತಿನ ತಂತಿ ಬಾಯಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು.

ಹಲ್ಲಿನಂತೆ ಬುದ್ಧಿಗೂ ಉದ್ಯೋಗ ಬೇಕು. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಹೆಬ್ ಎಂಬ ಪಂಡಿತರು ಕೆಲವು ಇಲಿಗಳನ್ನು ತಮ್ಮ ಮನೆಯಲ್ಲೇ ಮುದ್ದಿನ ಪ್ರಾಣಿಗಳಂತೆ ಬೆಳೆಸಿ, ಪ್ರಯೋಗಶಾಲೆಯ ಪಂಜರದಲ್ಲಿ ಬೆಳೆದವುಗಳೊಡನೆ ಹೋಲಿಸಿದರು. ದಾರಿ ಹುಡುಕುವ ಪರೀಕ್ಷೆಯಲ್ಲಿ ಮನೆಯ ಇಲಿಗಳೇ ಮೇಲಾದುವೆಂದು ೧೯೪೭ರಲ್ಲಿ ತಿಳಿಸಿದರು. ೧೯೬೦ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಅವರ ಸಂಗಡಿಗರು, ಜೊತೆಗಾರರೂ ಆಟದ ವಸ್ತುಗಳೂ ಇದ್ದ ಇಲಿಗಳ ಮೆದುಳಿನ ಹೊರಪದರವು ಒಂಟಿಯಾಗಿ ಬರಿದಾದ ಪಂಜರದಲ್ಲಿದ್ದವುಗಳದಕ್ಕಿಂತ ಹೆಚ್ಚು ತೂಗುವುದೆಂದು ತೋರಿಸಿದರು. ಕೆಲಸವಿಲ್ಲದ ದಿನವು ಎಷ್ಟು ಉದ್ದವೆಂಬುದನ್ನು ನಿವೃತ್ತರಾದ ನಮಗಂತೂ ಯಾರೂ ಪ್ರಯೋಗ ಮಾಡಿ ತೋರಿಸಬೇಕಾದುದಿಲ್ಲ.

ಆದುದರಿಂದ ಕಾಳನ್ನೆಲ್ಲ ಬಟ್ಟಲಿನಲ್ಲಿಡದೆ, ಸ್ವಲ್ಪವನ್ನು ಕಾಗದದ ಚೂರುಗಳ ನಡುವೆ ಬಚ್ಚಿಡಿರಿ, ಮೂಷಿಕವು ಕದಿಯಲಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಶುದ್ಧವಾದ ಮಣ್ಣನ್ನು ತಟ್ಟೆಯಲ್ಲಿ ತುಂಬಿ ನಾಲ್ಕು ಹೆಸರುಕಾಳು ಹುದುಗಿಸಿರಿ, ಆಖುವು ಅಗೆಯಲಿ. ಹಳೆಯ ಹತ್ತಿಸೀರೆಯ ತುಂಡನ್ನು ತೊಟ್ಟಿಲಿನಂತೆ ಕಟ್ಟಿದರೆ ಅದರಲ್ಲಿ ಮಲಗುತ್ತದೆ. ಎಳೆ ಬಿಟ್ಟ ಬಟ್ಟೆ ಮಾತ್ರ ಕಾಲಿಗೆ ಸುತ್ತಿಕೊಂಡೀತು. ಧೂಳಿನಿಂದ ಇಲಿಯ ಶ್ವಾಸ ಬೇಗನೆ ಕೆಡುವುದರಿಂದ ಹೊಟ್ಟು, ಮರದ ಪುಡಿ ಹಾಸುವುದಕ್ಕಿಂತ ಬಿಳಿಯ ಕಾಗದದ ಚೂರು ಮೇಲು. ಒಂಟಿ ಇಲಿ ಕೊರಗುತ್ತದೆ. ಎರಡನ್ನಾದರೂ ಸಾಕಬೇಕು, ಎರಡೂ ಹೆಣ್ಣೇ ಅಥವಾ ಎರಡೂ ಗಂಡೇ ಆಗಿರಬೇಕು. ಇಲಿಯ ಗರ್ಭಕಾಲ ೨೧ ರಿಂದ ೨೩ ದಿನಗಳು ಮಾತ್ರ. ಮರೆತವರ ಮನೆಯಲ್ಲಿ ಗುಣಾಕಾರದ ಪಾಠ ತಾನಾಗಿ ನಡೆಯುವುದು.

ಮನೆಯ ಅಥವಾ ಗದ್ದೆಯ ಇಲಿಯನ್ನು ಹಿಡಿದು ಸಾಕುವ ಸಾಹಸ ಎಂದಿಗೂ ಬೇಡ. ಅವುಗಳ ಮೂತ್ರದಿಂದ ಹರಡುವ ಇಲಿಜ್ವರ ಪ್ರಾಣಾಂತಿಕವಾಗಬಲ್ಲದು. ಸಾಕಿದ ಇಲಿಯನ್ನು ಮುಟ್ಟಿದ ಮೇಲೂ ಮಕ್ಕಳು ಸೋಪು ಹಚ್ಚಿ ಕೈ ತೊಳೆಯತಕ್ಕದ್ದು. ಕಚ್ಚಿದರೆ ಗಾಯವನ್ನು ತೊಳೆದು ವೈದ್ಯರಿಗೆ ತೋರಿಸತಕ್ಕದ್ದು.

ಸಾಕಿದ ಇಲಿಯ ಆಯುಸ್ಸು ೨ ಅಥವಾ ೩ ವರ್ಷ. ಆ ಅಲ್ಪಕಾಲದಲ್ಲಿ ಅದು ತನ್ನ ಬಿಲವನ್ನೂ, ಬೇಲಿಯನ್ನೂ, ಹುಡುಕಾಟವನ್ನೂ ನಮಗೋಸ್ಕರ ಬಿಟ್ಟಿದೆ. ಅವಕ್ಕೆ ಪ್ರತಿಯಾಗಿ ನಾವು ಕೊಡಬೇಕಾದುದು ದಿನಕ್ಕೊಂದು ಕಡ್ಡಿ, ಹಿಡಿ ಮಣ್ಣು, ಅರ್ಧ ಗಂಟೆಯ ಸಂಗ. ಕಡ್ಡಿ ತರುವ ಕೆಲಸವನ್ನು ಇಲಿ ಬೇಡಿದ ಮಗುವಿಗೇ ಒಪ್ಪಿಸಿರಿ. ಇಷ್ಟಕ್ಕೂ ಬಿಡುವಿಲ್ಲದ ಮನೆಯವರು ಇಲಿಯನ್ನು ಕೊಳ್ಳದಿರುವುದೇ ಅದಕ್ಕೆ ಮಾಡುವ ಉಪಕಾರ.