ಕರಿಹಲಗೆ ಕಾಣದ ಕಣ್ಣು: ತಪಾಸಣೆಯೊಂದಿಗೆ ಮುಗಿಯದ ಹೊಣೆ

ರಾಯಚೂರು: ಪಾಠದಲ್ಲಿ ಹಿಂದೆ ಬಿದ್ದ ಮಗುವಿಗೆ ದಡ್ಡ ಎಂಬ ಹಣೆಪಟ್ಟಿ ಅಂಟಿಸುವುದು ಸುಲಭ. ಆ ಮಗುವಿಗೆ ಕರಿಹಲಗೆಯ ಅಕ್ಷರ ಕಾಣುತ್ತಿದೆಯೇ ಎಂದು ವಿಚಾರಿಸುವವರು ವಿರಳ. ದೃಷ್ಟಿ ನಿಧಾನವಾಗಿ ಮಸುಕಾಗುವುದರಿಂದ ಮಗು ಅದನ್ನೇ ಸಹಜವೆಂದು ತಿಳಿಯುತ್ತದೆ, ತಾನಾಗಿ ದೂರುವುದಿಲ್ಲ. ಮಕ್ಕಳ ಸಮೀಪದೃಷ್ಟಿ ದೋಷವು ಶಿಕ್ಷಣದ ಪ್ರಶ್ನೆಯೂ ಆಗುವುದು ಇಲ್ಲಿಯೇ. 2011ರ ಜನಗಣತಿಯ ಸಾಕ್ಷರತಾ ಪಟ್ಟಿಯಲ್ಲಿ ಯಾದಗಿರಿಯನ್ನು ಬಿಟ್ಟರೆ ರಾಜ್ಯದಲ್ಲೇ ಕೊನೆಯಲ್ಲಿದ್ದ ರಾಯಚೂರು ಜಿಲ್ಲೆಗೆ ಈ ಪ್ರಶ್ನೆ ಇನ್ನಷ್ಟು ಮುಖ್ಯ.

ವೈದ್ಯರು ಮಯೋಪಿಯಾ ಎಂದು ಕರೆಯುವ ಈ ದೋಷದಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುತ್ತದೆ. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಕಣ್ಣುಗುಡ್ಡೆ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ಸುಮಾರು 2.5 ಡಯಾಪ್ಟರ್‌ನಷ್ಟು ಮೈನಸ್ ನಂಬರು ಬರುತ್ತದೆ. ಚಿಕ್ಕ ವಯಸ್ಸಿನಲ್ಲಿ ಆರಂಭವಾದಷ್ಟೂ ನಂಬರು ಏರಲು ಕಾಲಾವಕಾಶ ಹೆಚ್ಚು. ಮೈನಸ್ 6 ದಾಟಿದವರಿಗೆ ಮುಂದೆ ಅಕ್ಷಿಪಟಲ ಕಳಚುವಂತಹ ಅಪಾಯವೂ ಹೆಚ್ಚುತ್ತದೆ.

ನದಿಯಾಚೆಯ ಲೆಕ್ಕ

ಕೃಷ್ಣಾ ನದಿಯಾಚೆಯ ಅಂದಿನ ಮಹಬೂಬ್‌ನಗರ ಜಿಲ್ಲೆಯ ಗ್ರಾಮೀಣ ಮಕ್ಕಳನ್ನು ಕುರಿತ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 7ರಿಂದ 15 ವರ್ಷದ ಮಕ್ಕಳಲ್ಲಿ ಶೇ 4.1ರಷ್ಟು ಮಂದಿಗೆ ಸಮೀಪದೃಷ್ಟಿ ಇತ್ತು. ಅದೇ ವರ್ಷ ಪ್ರಕಟವಾದ ದೆಹಲಿ ನಗರದ ಅಧ್ಯಯನದಲ್ಲಿ ಈ ಪ್ರಮಾಣ ಶೇ 7.4. ದೆಹಲಿಯ ಶಾಲಾ ಮಕ್ಕಳನ್ನು ಕುರಿತು 2015ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಅದು ಶೇ 13.1. ವಿಧಾನಗಳು ಬೇರೆಯಾದರೂ ದಿಕ್ಕು ಸ್ಪಷ್ಟ: ಪುಸ್ತಕ, ಪರದೆ ಮತ್ತು ನಾಲ್ಕು ಗೋಡೆಗಳ ನಡುವೆ ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು.

ಹೀಗಾಗಿ ಜಿಲ್ಲೆಗೆ ಇರುವುದು ಎರಡು ಕೆಲಸ. ರಾಯಚೂರು ನಗರದಲ್ಲಿ ದೋಷ ಬರದಂತೆ ತಡೆಯುವುದು ಮೊದಲನೆಯದು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಂದ ದೋಷವನ್ನು ಪತ್ತೆ ಹಚ್ಚಿ ಕನ್ನಡಕ ತಲುಪಿಸುವುದು ಎರಡನೆಯದು.

ತಪಾಸಣೆಯ ನಂತರ ಏನು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕು. ದೃಷ್ಟಿದೋಷವೂ ಅವುಗಳ ಪಟ್ಟಿಯಲ್ಲಿದೆ. ಅನುದಾನರಹಿತ ಖಾಸಗಿ ಶಾಲೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಪಾಯ ಹೆಚ್ಚಿರುವ ನಗರದ ಮಕ್ಕಳೇ ಹೀಗೆ ಪೋಷಕರ ಮುತುವರ್ಜಿಯನ್ನು ನಂಬಿಕೊಳ್ಳಬೇಕಾಗಿದೆ.

ಹಳ್ಳಿಯ ಕಥೆ ಬೇರೆ. ಶಾಲೆಯಲ್ಲಿ ದೋಷ ಕಂಡುಬಂದ ಮಗು ಆಸ್ಪತ್ರೆಗೆ ಹೋಗಿ ನಂಬರು ಪರೀಕ್ಷಿಸಿಕೊಳ್ಳಬೇಕು. ತಾಂಡಾ, ದೊಡ್ಡಿಗಳ ಕೂಲಿಕಾರ ಪೋಷಕರಿಗೆ ಅದೆಂದರೆ ಬಸ್ಸಿನ ಖರ್ಚು, ಜೊತೆಗೆ ಒಂದು ದಿನದ ಕೂಲಿ ನಷ್ಟ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆಗಳತ್ತ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಂಡ ಬಂದ ದಿನ ಶಾಲೆಯಲ್ಲಿರುವ ಖಾತ್ರಿಯೂ ಇಲ್ಲ. ಕನ್ನಡಕ ಸಿಕ್ಕ ಮಗುವಿಗೂ ಅದು ಒಡೆದರೆ ಇನ್ನೊಂದು ಬೇಕು. ವರ್ಷ ಕಳೆಯುವುದರೊಳಗೆ ನಂಬರು ಬದಲಾಗಿರಬಹುದು.

ಚೀನಾದ ಪಶ್ಚಿಮ ಭಾಗದ ಗ್ರಾಮೀಣ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ಪಾಠವಾಗಬಲ್ಲದು. ಉಚಿತ ಕನ್ನಡಕ ಪಡೆದ ಮಕ್ಕಳ ಗುಂಪಿನಲ್ಲಿ ಗಣಿತದ ಅಂಕಗಳು ಸುಧಾರಿಸಿದವು. ಆದರೆ ಪರಿಶೀಲನೆಯ ದಿನ ಕನ್ನಡಕ ಧರಿಸಿದ್ದವರು ಅರ್ಧಕ್ಕಿಂತ ಕಡಿಮೆ! ವಿತರಣೆಯ ಅಂಕಿಅಂಶವೇ ಯಶಸ್ಸಿನ ಅಳತೆಯಾಗಲಾರದು.

ಚಸ್ಮಾ ಹಾಕಿದರೆ ನಂಬರು ಏರುತ್ತದೆ ಎಂಬ ನಂಬಿಕೆ ಇನ್ನೊಂದು ತೊಡಕು. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಕಾದುದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಧರಿಸಿದ ಮಕ್ಕಳಲ್ಲಿಯೇ ದೋಷ ಹೆಚ್ಚು ವೇಗವಾಗಿ ಬೆಳೆದಿತ್ತು. ಹೆಣ್ಣುಮಗಳು ಚಸ್ಮಾ ಹಾಕಿದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಳುಕನ್ನು ದೂರ ಮಾಡಬಲ್ಲವರು ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರು.

ಬಿಸಿಲ ನಾಡಿನಲ್ಲಿ ಬಯಲಾಟ

ದೋಷ ಬರುವುದನ್ನು ತಡೆಯಲು ಅಗ್ಗದ ಮದ್ದು ಹಗಲಿನ ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ ಶಾಲಾ ದಿನಗಳಂದು 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದಲ್ಲಿ ಕಳೆದ ಮಕ್ಕಳ ಪೈಕಿ ಮೂರು ವರ್ಷಗಳಲ್ಲಿ ಶೇ 30.4ರಷ್ಟು ಮಂದಿಗೆ ಹೊಸದಾಗಿ ದೋಷ ಕಾಣಿಸಿಕೊಂಡಿತು. ಉಳಿದವರಲ್ಲಿ ಅದು ಶೇ 39.5. ಈ ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಬಯಲಿಗೆ ಬಿಡಲಾಗದು, ನಿಜ. ಆದರೆ ಬೆಳಗಿನ ಹೊತ್ತು ಮತ್ತು ಮರದ ನೆರಳೂ ಸಾಕು. ನೆರಳಿನ ಬೆಳಕು ಸಹ ತರಗತಿಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆಟದ ಮೈದಾನವಿಲ್ಲದ ಶಾಲೆ ಮಕ್ಕಳ ಕಣ್ಣಿಗೂ ಕೊರತೆಯೇ.

ದೋಷದ ವೇಗ ತಗ್ಗಿಸಲು ಅಟ್ರೋಪಿನ್ ಹನಿ, ವಿಶೇಷ ಮಸೂರಗಳೂ ಬಂದಿವೆ. ಹನಿಯ ಪ್ರಮಾಣದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲದ ಕಾರಣ ತಜ್ಞರ ಸಲಹೆಯಿಲ್ಲದೆ ಅವುಗಳನ್ನು ಬಳಸುವುದು ಸಲ್ಲ.

ಪರೀಕ್ಷೆ ಶಾಲೆಯಲ್ಲೇ ಪೂರ್ಣಗೊಂಡು, ಕನ್ನಡಕವೂ ಶಾಲೆಗೇ ಬರಬೇಕು. ಆರು ತಿಂಗಳ ನಂತರ ಎಷ್ಟು ಮಕ್ಕಳ ಮೂಗಿನ ಮೇಲೆ ಅದು ಉಳಿದಿದೆ ಎಂಬ ಲೆಕ್ಕವೂ ಕಡತ ಸೇರಬೇಕು. 371 (ಜೆ) ವಿಶೇಷ ಸ್ಥಾನಮಾನದ ಅನುದಾನದಲ್ಲಿ ಶಾಲಾ ಕಟ್ಟಡಗಳಷ್ಟೇ ಅಲ್ಲ, ಆ ಕಟ್ಟಡದಲ್ಲಿ ಕುಳಿತ ಮಗುವಿಗೆ ಕರಿಹಲಗೆ ಕಾಣುವುದೂ ಅಭಿವೃದ್ಧಿಯೆಂದು ಪರಿಗಣಿತವಾಗಬೇಕಿದೆ.