ಸಲ್ಲೇಖನವಿಲ್ಲದ ವಿಳಾಸ

‘ಶ್ರವಣಬೆಳಗೊಳದ ಶಾಸನಗಳಲ್ಲಿ ಸಲ್ಲೇಖನ’ ಎಂಬ ಶೀರ್ಷಿಕೆಯನ್ನು ವರ್ಡ್‌ಪ್ರೆಸ್‌ಗೆ ಕೊಟ್ಟರೆ, ಅದು ತಾನಾಗಿ ರೂಪಿಸುವ ಜಾಲವಿಳಾಸ ‘ಶಾಸನಗಳಲ್ಲಿ’ ಎಂಬಲ್ಲಿಗೆ ಮುಗಿಯುತ್ತದೆ. ಲೇಖನದ ವಿಷಯವಾದ ಸಲ್ಲೇಖನವೇ ಹೊರಗುಳಿಯುತ್ತದೆ! ಮುಂದೆ ‘ಶ್ರವಣಬೆಳಗೊಳದ ಶಾಸನಗಳಲ್ಲಿ ಸ್ತ್ರೀಯರು’ ಎಂದು ಬರೆದರೆ ಅದಕ್ಕೂ ಬಹುತೇಕ ಅದೇ ವಿಳಾಸ. ಕೊನೆಗೆ 2 ಎಂಬ ಅಂಕೆ ಸೇರುತ್ತದೆ.

ವಿಳಾಸದ ಈ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200 ಸ್ಥಾನ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಪ್ರತಿ ಚಿಹ್ನೆ ಯೂನಿಕೋಡಿನಲ್ಲಿ ಮೂರು ಬೈಟುಗಳಾಗಿ, ಪ್ರತಿ ಬೈಟು ಶೇಕಡಾ ಗುರುತಿನೊಡನೆ ಮೂರು ಸ್ಥಾನಗಳಾಗಿ ಒಟ್ಟು 9ನ್ನು ಬೇಡುತ್ತದೆ. ಕಾಗುಣಿತದ ಗುರುತಿಗೂ ಹಲಂತಕ್ಕೂ ಬೇರೆ ಲೆಕ್ಕ. ‘ಶ್ರ’ ಒಂದಕ್ಕೇ 27. ಹೀಗೆ 22 ಚಿಹ್ನೆಗಳಿಗೇ ಕನ್ನಡದ ಪಾಲು ತೀರುತ್ತದೆ. ಸಮಾಸಪ್ರಿಯರಾದ ನಮ್ಮ ವಿದ್ವಾಂಸರಿಗೆ ಇದೆಷ್ಟರ ಅವಕಾಶ?

ಶೀರ್ಷಿಕೆಯನ್ನೇ ಮೊಟಕುಗೊಳಿಸುವುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ಅದು ಒಪ್ಪತಕ್ಕದ್ದಲ್ಲ. ಪ್ರಕಟಣೆಗೆ ಮುನ್ನ ವಿಳಾಸವನ್ನು ಕೈಯಿಂದ ತಿದ್ದಬಹುದು, ನಿಜ. ಹಲವರು ಬರೆಯುವ ತಾಣದಲ್ಲಿ ಅದು ನಿತ್ಯ ಮರೆಯುವ ಕೆಲಸ. ಲೇಖನ ಉಳಿಯುವ ಮೊದಲೇ ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿ ವಿಳಾಸ ಕಟ್ಟುವ ಸಣ್ಣದೊಂದು ಫಂಕ್ಷನ್ ಇದಕ್ಕೆ ತಕ್ಕ ಉಪಾಯ. ವಿಳಾಸ ಕನ್ನಡದಲ್ಲೇ ಇರಬೇಕೆಂಬ ಅಭಿಮಾನ ಇಲ್ಲಿ ಅಸ್ಥಾನದ್ದು. ಭಂಡಾರದಲ್ಲಿ ಓಲೆಗರಿಯ ಕಟ್ಟಿಗೆ ಹಚ್ಚಿದ ಸಂಖ್ಯೆಯು ಗ್ರಂಥದ ಹೆಸರಿಗೆ ಕುಂದು ತರುವುದಿಲ್ಲವಷ್ಟೆ.

ಆದರೆ ಆ ಫಂಕ್ಷನ್‌ನ್ನು ಎಲ್ಲಿಡಬೇಕು? ಹೆಚ್ಚಿನವರು ಥೀಮಿನ ‘ಫಂಕ್ಷನ್ಸ್’ ಕಡತಕ್ಕೆ ಸೇರಿಸುತ್ತಾರೆ. ಥೀಮ್ ನವೀಕರಣಗೊಂಡೊಡನೆ ಆ ತಿದ್ದುಪಡಿ ಅಳಿಯುತ್ತದೆ; ಥೀಮ್ ಬದಲಿಸಿದರೂ ಅದೇ ಗತಿ. ವಿಳಾಸವು ಲೇಖನಕ್ಕೆ ಸೇರಿದ್ದು, ತಾಣದ ಉಡುಪಿಗಲ್ಲ. ಆದುದರಿಂದ ಅದು ಪ್ರತ್ಯೇಕವಾದ ಪುಟ್ಟ ಪ್ಲಗಿನ್ನಿನಲ್ಲಿರಬೇಕು. ಯಾವ ಸಾಲು ಏಕೆ ಇದೆ ಎಂಬ ಕನ್ನಡ ಟಿಪ್ಪಣಿಯೂ ಜೊತೆಗಿರಲಿ. ಅಲಖನೂರ, ಅಥಣಿ ಕಡೆಯ ಊರುಗಳಲ್ಲಿ ಕುಳಿತು ಜೈನ ಸಾಹಿತ್ಯದ ತಾಣ ನಡೆಸುವವರ ಬಳಿ ಕರೆದಾಗ ಬರುವ ತಂತ್ರಜ್ಞರಿರುವುದಿಲ್ಲ. ಮುಂದೆ ಅದನ್ನು ಕೈಗೆತ್ತಿಕೊಳ್ಳುವ ಕನ್ನಡ ಮೇಷ್ಟ್ರಿಗೆ ಆ ಟಿಪ್ಪಣಿಯೇ ಆಧಾರ.

ಈ ಫಂಕ್ಷನ್ ಹಳೆಯ ಲೇಖನಗಳನ್ನು ಮಾತ್ರ ಮುಟ್ಟಬಾರದು. ಅವುಗಳ ವಿಳಾಸ ತುಂಡಾಗಿದ್ದರೂ ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಹಾಗೆಯೇ ಅಚ್ಚಾಗಿರಬಹುದು. ಹಳೆಯ ವಿಳಾಸಕ್ಕೆ ಬಂದವರನ್ನು ವರ್ಡ್‌ಪ್ರೆಸ್ ಹೊಸದಕ್ಕೆ ಕಳುಹಿಸುತ್ತದೆ, ದಿಟ. ತಾಣವನ್ನೇ ಬೇರೊಂದು ವ್ಯವಸ್ಥೆಗೆ ಸಾಗಿಸಿದ ದಿನ ಆ ಏರ್ಪಾಡು ಜೊತೆಗೆ ಬಂದೀತೆಂಬ ಭರವಸೆಯಿಲ್ಲ.